ಎಟಿವಿ: ಮುಂಬಯಿಯಲ್ಲಿ ದೋಷಪತ್ತೆ ಮತ್ತು ಮನೆ ದುರಸ್ತಿ

ಮರಳು, ಕೆಸರು, ಕಲ್ಲುದಾರಿ, ಗುಡ್ಡದ ಇಳಿಜಾರುಗಳಲ್ಲಿ ಓಡಲೆಂದು ರೂಪಿಸಿದ ಮೋಟಾರು ವಾಹನವೇ ಎಟಿವಿ, ಅಂದರೆ ಆಲ್ ಟೆರೇನ್ ವೆಹಿಕಲ್. ಆಡುಮಾತಿನಲ್ಲಿ ಕ್ವಾಡ್ ಬೈಕ್. ಅಗಲವಾದ, ಕಡಿಮೆ ಗಾಳಿಯೊತ್ತಡದ ನಾಲ್ಕು ಟೈರುಗಳು ಇದಕ್ಕಿರುತ್ತವೆ. ಸವಾರ ಕುದುರೆಯ ಮೇಲೆ ಕೂತಂತೆ ಎರಡೂ ಬದಿಗೆ ಕಾಲಿಟ್ಟು ಹ್ಯಾಂಡಲ್ ಹಿಡಿದು ನಡೆಸುತ್ತಾನೆ. ಮುಂಬಯಿ ಮತ್ತು ಉಪನಗರಗಳಲ್ಲಿ ಬೈಕ್ ಗ್ಯಾರೇಜುಗಳಿಗೆ ಬರವಿಲ್ಲವಾದರೂ ಎಟಿವಿ ಬಲ್ಲ ಮೆಕ್ಯಾನಿಕ್‌ಗಳು ವಿರಳ. ಹಾಗಾಗಿ ಮೊದಲ ತಪಾಸಣೆ ಸಾಮಾನ್ಯವಾಗಿ ಒಡೆಯನ ಕೈಯಲ್ಲೇ ಆಗಬೇಕಾಗುತ್ತದೆ. ಈ ನಗರದಲ್ಲಿ ವಾಹನವನ್ನು ಬಹುಮಟ್ಟಿಗೆ ಕೆಡಿಸುವುದು ಉಪ್ಪು, ತೇವ ಮತ್ತು ಬಳಕೆಯಿಲ್ಲದೆ ತಿಂಗಳುಗಟ್ಟಲೆ ನಿಲ್ಲುವುದು. ಈ ದೋಷಗಳಲ್ಲಿ ಹಲವನ್ನು ಹೊಸ ಬಿಡಿಭಾಗ ಕೊಳ್ಳದೆ, ಕ್ರಮ ತಪ್ಪದ ಪರೀಕ್ಷೆಯಿಂದಲೇ ಸರಿಪಡಿಸಬಹುದು.

ಹಿನ್ನೆಲೆ

ಜಪಾನಿನ ಹೋಂಡಾ ಕಂಪನಿ 1970ರಲ್ಲಿ ಮಾರುಕಟ್ಟೆಗೆ ತಂದ, 89 ಸಿ.ಸಿ. ಎಂಜಿನ್ನಿನ ಮೂರು ಚಕ್ರದ ಯುಎಸ್90 ಈ ವರ್ಗದ ಆದಿರೂಪ. 1980ರ ದಶಕದ ಮೊದಲ ವರ್ಷಗಳಲ್ಲಿ ಸುಜುಕಿ ನಾಲ್ಕು ಚಕ್ರದ ಮಾದರಿಯನ್ನು ಹೊರತಂದಿತು. ಮೂರು ಚಕ್ರದವು ಸುಲಭವಾಗಿ ಮಗುಚಿ ಸಾವುನೋವಿಗೆ ಕಾರಣವಾದದ್ದರಿಂದ, 1988ರಲ್ಲಿ ತಯಾರಕರು ಅಮೆರಿಕದ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿ ಅವುಗಳ ಮಾರಾಟ ನಿಲ್ಲಿಸಿದರು. ಅಮೆರಿಕದ ಪೊಲಾರಿಸ್ ಕಂಪನಿ 2011ರಲ್ಲಿ ಭಾರತಕ್ಕೆ ಬಂದಿತು. ಚೀನಾದಿಂದ ಆಮದಾಗುವ ಸಣ್ಣ ಎಟಿವಿಗಳೂ ಇಲ್ಲಿ ಬಳಕೆಯಲ್ಲಿವೆ.

2008ರ ನವೆಂಬರ್ 26ರ ದಾಳಿಯಲ್ಲಿ ಉಗ್ರರು ಸಮುದ್ರ ಮಾರ್ಗವಾಗಿ ನಗರಕ್ಕೆ ನುಗ್ಗಿದ್ದರು. ಆ ಬಳಿಕ ಕರಾವಳಿಯ ಕಾವಲು ಬಿಗಿಯಾಯಿತು. ಚೌಪಾಟಿ ಎಂದು ಕರೆಯುವ ಕಡಲತೀರಗಳ ಗಸ್ತಿಗೆ ಮುಂಬಯಿ ಪೊಲೀಸರೂ ಎಟಿವಿ ಬಳಸಿದ್ದಾರೆ. ಸಾಮಾನ್ಯ ಮುಂಬಯಿಗರಿಗೆ ಇದರ ಪರಿಚಯವಾಗುವುದು ಹೆಚ್ಚಾಗಿ ರಾಯಗಡ ಜಿಲ್ಲೆಯ ಅಲಿಬಾಗ್ ಬಳಿಯ ನಾಗಾಂವ್‌ನಂಥ ಕಡಲತೀರಗಳಲ್ಲಿ, ಬಾಡಿಗೆ ಸವಾರಿಯ ಮೂಲಕ.

ರಚನೆ

110ರಿಂದ 125 ಸಿ.ಸಿ.ವರೆಗಿನ ಸಣ್ಣ ಎಟಿವಿಗಳಲ್ಲಿ ಸಾಮಾನ್ಯವಾಗಿ ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರಿನ ಎಂಜಿನ್, ಕಾರ್ಬ್ಯುರೇಟರ್, ತಾನಾಗಿ ಹಿಡಿಯುವ ಕ್ಲಚ್ ಮತ್ತು ಹಿಂಚಕ್ರಗಳಿಗೆ ಚೈನ್ ಇರುತ್ತವೆ. ಇವುಗಳಲ್ಲಿ ಹಲವು ಎಂಜಿನ್‌ಗಳು ಹೋಂಡಾದ ಅಡ್ಡ ಸಿಲಿಂಡರ್ ವಿನ್ಯಾಸವನ್ನೇ ಅನುಸರಿಸಿದವು. ಆದ್ದರಿಂದ ಅದೇ ಬಗೆಯ ಎಂಜಿನ್ನಿರುವ ಸ್ಪ್ಲೆಂಡರ್ ಬೈಕನ್ನು ಬಿಚ್ಚಿ ಜೋಡಿಸಬಲ್ಲವರಿಗೆ ಇದರ ಒಳಭಾಗ ಹೊಸದೆನಿಸುವುದಿಲ್ಲ. ದೊಡ್ಡ ಎಟಿವಿಗಳಲ್ಲಿ ರೇಡಿಯೇಟರ್, ಫ್ಯೂಯಲ್ ಇಂಜೆಕ್ಷನ್, ಸ್ಕೂಟರುಗಳಲ್ಲಿರುವಂಥ ಬೆಲ್ಟಿನ ಸಿವಿಟಿ ಗೇರ್ ವ್ಯವಸ್ಥೆ ಮತ್ತು ನಾಲ್ಕೂ ಚಕ್ರಗಳಿಗೆ ಬಲ ಹರಿಸುವ ಏರ್ಪಾಡು ಇರುತ್ತವೆ.

ಹವೆಯ ಪರಿಣಾಮ

ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ ಮಳೆ 2,000 ಮಿ.ಮೀ. ಮೀರುತ್ತದೆ. ಮಳೆಗಾಲ ಮುಗಿದರೂ ಕಡಲಗಾಳಿಯ ಉಪ್ಪು ತಪ್ಪದು. ವಯರುಗಳ ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ಟುವುದು, ಅಲ್ಯುಮಿನಿಯಂ ಕವಚದಲ್ಲಿ ಉಕ್ಕಿನ ಬೋಲ್ಟ್ ಕಚ್ಚಿಕೊಳ್ಳುವುದು, ಬ್ಯಾಟರಿಯ ಅರ್ಥ್ ವಯರ್ ಚಾಸಿಗೆ ಸೇರುವಲ್ಲಿ ತುಕ್ಕು ಹಿಡಿಯುವುದು ಇಲ್ಲಿ ಸಾಮಾನ್ಯ.

ಪೆಟ್ರೋಲಿನಿಂದಲೂ ತೊಂದರೆಯುಂಟು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದಾದ್ಯಂತ ಬಳಕೆಗೆ ಬಂದಿದೆ. ಎಥನಾಲ್ ತೇವವನ್ನು ಹೀರುತ್ತದೆ. ನೀರಿನಂಶ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಕೂಡಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಮೊದಲು ತಲಪುವುದು ತಳದ ಆ ದ್ರವವೇ. ವಾಹನವನ್ನು ಮಳೆಗಾಲವಿಡೀ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು, ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನೂ ಹೊರಬಿಡಬೇಕು, ಬ್ಯಾಟರಿ ಬಿಚ್ಚಿ ಒಣ ಜಾಗದಲ್ಲಿಡಬೇಕು.

ಸ್ಟಾರ್ಟ್ ಆಗದಿದ್ದರೆ

ಕೈಗೆ ಸುಲಭವಾಗಿ ಸಿಗುವುದರಿಂದ ತಪಾಸಣೆ ಆರಂಭಿಸಿ, ಬಿಚ್ಚಬೇಕಾದುದಕ್ಕೆ ಆಮೇಲೆ ಹೋಗುವುದು ಸರಿಯಾದ ಕ್ರಮ. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಓಡುವ ಸ್ಥಾನದಲ್ಲಿದೆಯೇ, ಸುರಕ್ಷಾ ಹಗ್ಗದ ಕೀಲಿ ತನ್ನ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡಬೇಕು. ಹಲವು ಮಾದರಿಗಳಲ್ಲಿ ಬ್ರೇಕ್ ಹಿಡಿಯದೆ ಸ್ಟಾರ್ಟರ್ ತಿರುಗುವುದಿಲ್ಲ. ಬ್ರೇಕಿನ ಸಣ್ಣ ಸ್ವಿಚ್ಚಿಗೆ ಉಪ್ಪು ಹಿಡಿದರೂ ಫಲ ಅದೇ.

ಎರಡನೆಯದು ವಿದ್ಯುತ್. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ನಿಂತಾಗ 12.6 ವೋಲ್ಟಿಗಿಂತ ಕಡಿಮೆ ತೋರಬಾರದು. ಎಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರದಿದ್ದರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆ. ಬಟನ್ ಒತ್ತಿದಾಗ ಟಿಕ್ ಎಂಬ ಸದ್ದು ಮಾತ್ರ ಬಂದರೆ ಬ್ಯಾಟರಿ, ಅದರ ಟರ್ಮಿನಲ್, ಅರ್ಥ್ ವಯರ್, ಸ್ಟಾರ್ಟರ್ ರಿಲೇ ಈ ಕ್ರಮದಲ್ಲಿ ಪರೀಕ್ಷಿಸಬೇಕು.

ಮೂರನೆಯದು ಸ್ಪಾರ್ಕ್ ಪ್ಲಗ್. ಹಲವು ಬಾರಿ ಸ್ಟಾರ್ಟ್ ಮಾಡಲು ಯತ್ನಿಸಿ ಪ್ಲಗ್ ಬಿಚ್ಚಿದಾಗ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು, ಚೋಕ್ ಎಳೆದಂತೆಯೇ ಉಳಿದಿರಲೂಬಹುದು. ಪ್ಲಗ್ಗನ್ನು ಅದರ ಕ್ಯಾಪಿಗೆ ಸೇರಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಿದಾಗ ಗಟ್ಟಿಯಾದ ನೀಲಿ ಕಿಡಿ ಕಾಣಬೇಕು. ಈ ಪರೀಕ್ಷೆಯಲ್ಲಿ ಪ್ಲಗ್ಗಿನ ರಂಧ್ರದ ಹತ್ತಿರ ಕಿಡಿ ಬರಬಾರದು, ಸುತ್ತ ಪೆಟ್ರೋಲ್ ಚೆಲ್ಲಿರಬಾರದು.

ಕಿಡಿ ಸರಿಯಿದ್ದು ಪೆಟ್ರೋಲ್ ತಾಜಾ ಇದ್ದರೂ ಎಂಜಿನ್ ಏಳದಿದ್ದರೆ, ಬಹಳ ದಿನ ನಿಂತ ವಾಹನದಲ್ಲಿ ಕಾರ್ಬ್ಯುರೇಟರಿನ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರದ ಭಾಗ ಕಟ್ಟಿರುವ ಸಂಭವ ಹೆಚ್ಚು. ಅದನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ತೆರವು ಮಾಡಬೇಕು. ಉಕ್ಕಿನ ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಜೆಟ್ ಹಾಳಾಗುತ್ತದೆ. ಇಂಜೆಕ್ಷನ್ ಮಾದರಿಗಳಲ್ಲಿ ಕೀಲಿ ತಿರುಗಿಸಿದೊಡನೆ ಪಂಪಿನ ಸದ್ದು ಕೆಲವು ಕ್ಷಣ ಕೇಳಬೇಕು. ಕೇಳದಿದ್ದರೆ ಫ್ಯೂಸ್ ಮತ್ತು ರಿಲೇ ನೋಡಬೇಕು. ಇವೆಲ್ಲ ಸರಿಯಿದ್ದರೆ ಉಳಿಯುವುದು ಕಂಪ್ರೆಶನ್ ಪರೀಕ್ಷೆ ಮತ್ತು ವಾಲ್ವ್ ಅಂತರದ ಹೊಂದಾಣಿಕೆ.

ಓಡುವಾಗಿನ ದೋಷಗಳು

ಎಂಜಿನ್ ಕೂಗಿದರೂ ವಾಹನ ಮುಂದೆ ಹೋಗದಿದ್ದರೆ ಸಿವಿಟಿ ಬೆಲ್ಟ್ ಜಾರುತ್ತಿರಬಹುದು. ಬೆಲ್ಟಿನ ಕವಚದೊಳಗೆ ನೀರು ಸೇರಿದ್ದರೆ ತಳದ ಪ್ಲಗ್ ತೆಗೆದು ಬಸಿಯಬೇಕು. ಬಿರುಕು ಬಿಟ್ಟ ಅಥವಾ ಹೊಳಪೇರಿದ ಬೆಲ್ಟನ್ನು ಬದಲಿಸಬೇಕು. ದೊಡ್ಡ ಎಟಿವಿ ಬೇಗ ಬಿಸಿಯಾಗುವುದಾದರೆ ರೇಡಿಯೇಟರಿನ ಎಸಳುಗಳಲ್ಲಿ ಒಣಗಿದ ಕೆಸರು ಮೊದಲ ಶಂಕಿತ.

ಮುಂಭಾಗವನ್ನು ಎತ್ತಿ ನಿಲ್ಲಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಅಕ್ಕಪಕ್ಕ ಹಿಡಿದಾಗ ಮಾತ್ರ ಸಡಿಲವಿದ್ದರೆ ಸ್ಟಿಯರಿಂಗಿನ ಟೈ ರಾಡ್ ನೋಡಬೇಕು. ಬ್ರೇಕ್ ಆಯಿಲ್ ಕೂಡ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಟೈರುಗಳಿಗೆ ಬೇಕಾದ ಒತ್ತಡ ಬಹುತೇಕ ಮಾದರಿಗಳಲ್ಲಿ 3ರಿಂದ 7 ಪಿಎಸ್‌ಐ ಅಷ್ಟೆ. ಕಾರಿನ ಟೈರಿಗೆಂದು ಇರುವ ಪೆಟ್ರೋಲ್ ಬಂಕಿನ ಮೀಟರ್ ಇಷ್ಟು ಕಡಿಮೆ ಒತ್ತಡವನ್ನು ನಿಖರವಾಗಿ ತೋರಲಾರದು; ಕಡಿಮೆ ಒತ್ತಡದ ಗೇಜ್ ಬೇರೆಯೇ ಇಟ್ಟುಕೊಳ್ಳಬೇಕು.

ನೀರು ಹೊಕ್ಕ ಎಂಜಿನ್

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದು ಸಾವಿರಾರು ವಾಹನಗಳು ಮುಳುಗಿದವು. ಮುಳುಗಿದ ಎಂಜಿನ್ನನ್ನು ಹಾಗೆಯೇ ಸ್ಟಾರ್ಟ್ ಮಾಡಬಾರದೆಂಬ ನಿಯಮ ಎಟಿವಿಗೂ ಅನ್ವಯ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ಕಳಚಿ, ಏರ್ ಫಿಲ್ಟರ್ ಮತ್ತು ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಹಾಲುಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ. ಬಣ್ಣ ತಿಳಿಯಾಗುವವರೆಗೆ ಬದಲಿಸುತ್ತಿರಬೇಕು. ಸಮುದ್ರದ ನೀರಾದರೆ ವಿಳಂಬ ಸಲ್ಲದು. ಕಡಲತೀರದಲ್ಲಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ, ಕೀಲುಗಳಿಗೆ ಗ್ರೀಸ್ ಹಾಕುವುದು ವಾಹನದ ಆಯುಷ್ಯ ಹೆಚ್ಚಿಸುವ ಅತಿ ಅಗ್ಗದ ಉಪಾಯ.

ಬಿಡಿಭಾಗಗಳು

ವಾಹನ ಬಿಡಿಭಾಗಗಳಿಗೆ ಒಪೆರಾ ಹೌಸ್ ಸುತ್ತಲಿನ ಅಂಗಡಿಗಳೂ ಕುರ್ಲಾದ ಸಿ.ಎಸ್.ಟಿ. ರಸ್ತೆಯೂ, ಬೇರಿಂಗ್ ಮತ್ತು ಹತ್ಯಾರುಗಳಿಗೆ ನಾಗದೇವಿ ಸ್ಟ್ರೀಟೂ ನಗರದ ಹಳೆಯ ನೆಲೆಗಳು. ಅಲ್ಲಿ ಎಟಿವಿಯ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಭಾಗವನ್ನೇ ಒಯ್ದು ಸಂಖ್ಯೆ ತೋರಿಸುವುದು ಫಲಕಾರಿ. ಬೇರಿಂಗಿನ ಅಂಚಿನಲ್ಲಿ ಕೆತ್ತಿದ 6203, 6204ರಂಥ ಸಂಖ್ಯೆಗಳು, ಚೈನಿನ 420, 428ರಂಥ ಅಳತೆಗಳು ಜಗತ್ತಿನೆಲ್ಲೆಡೆ ಒಂದೇ.

ಸುರಕ್ಷೆ ಮತ್ತು ಕಾನೂನು

ಮುಂಬಯಿಯಲ್ಲಿ ಮನೆ ದುರಸ್ತಿ ಎಂದರೆ ಬಹುತೇಕ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮಾಡುವ ಕೆಲಸ. ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯಬಲ್ಲದು. ಬರೀ ಜ್ಯಾಕ್ ನಂಬಿ ವಾಹನದಡಿ ಕೈಯಿಡಬಾರದು, ಗಟ್ಟಿ ಸ್ಟ್ಯಾಂಡ್ ಬೇಕು. ಬಳಸಿದ ಆಯಿಲನ್ನು ಗಟಾರಕ್ಕೆ ಸುರಿದರೆ ಅದು ಖಾರಿ, ಕಾಂಡ್ಲಾ ಕಾಡುಗಳನ್ನು ಸೇರುತ್ತದೆ. ಅದನ್ನು ಡಬ್ಬಿಯಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ತಲಪಿಸಬೇಕು.

1988ರ ಮೋಟಾರು ವಾಹನ ಕಾಯಿದೆಯ 39ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ನೋಂದಣಿಯಾಗದ ಎಟಿವಿಯನ್ನು ಟೆಂಪೊದಲ್ಲೇ ಸಾಗಿಸಬೇಕು. ದುರಸ್ತಿಯ ನಂತರದ ಪರೀಕ್ಷಾ ಸವಾರಿ ಖಾಸಗಿ ಜಾಗದಲ್ಲಿ, ಹೆಲ್ಮೆಟ್ ಧರಿಸಿ ಆಗಬೇಕು.

ಸ್ವಚ್ಛಗೊಳಿಸುವುದು, ಪ್ಲಗ್, ಫಿಲ್ಟರ್, ಬ್ಯಾಟರಿ, ಆಯಿಲ್, ಚೈನ್, ಕೇಬಲ್, ಕಾರ್ಬ್ಯುರೇಟರ್ ಇವು ಮನೆಯಲ್ಲಿ ಮಾಡಬಹುದಾದ ಕೆಲಸಗಳು. ಬಿರುಕು ಬಿಟ್ಟ ಚಾಸಿಯ ವೆಲ್ಡಿಂಗ್, ಎಂಜಿನ್ನಿನ ತಳಭಾಗ, ಇಂಜೆಕ್ಷನ್ನಿನ ಒತ್ತಡದ ಕೊಳವೆಗಳು, ಬ್ರೇಕಿನ ಮಾಸ್ಟರ್ ಸಿಲಿಂಡರ್ ಇವನ್ನು ಅನುಭವಿ ಮೆಕ್ಯಾನಿಕ್‌ಗೇ ಒಪ್ಪಿಸಬೇಕು.