ಮೇನ್ ಸ್ವಿಚ್ ಆಫ್ ಮಾಡಿದ್ರೂ ತಿರುಗಿದ ಮೀಟರು

ಮಂಡ್ಯದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮೀಟರ್ ಬೋರ್ಡು ಮೆಟ್ಟಿಲ ಕೆಳಗಿತ್ತು. ನಾನಾಗ ಆರನೇ ಕ್ಲಾಸು. ಗಾಜಿನೊಳಗೆ ಕೆಂಪು ಗುರುತಿನ ತಟ್ಟೆ ತಿರುಗೋದನ್ನು ನೋಡುತ್ತಾ ನಿಲ್ಲೋದೇ ಒಂದು ಆಟ. ಆ ಬೇಸಿಗೆಯಲ್ಲಿ ಇನ್ನೂರೈವತ್ತರ ಆಸುಪಾಸಿನಲ್ಲಿರುತ್ತಿದ್ದ ಬಿಲ್ಲು ಒಮ್ಮೆಗೇ ಆರುನೂರು ದಾಟಿತು.

"ರಾತ್ರಿಯೆಲ್ಲಾ ಫ್ಯಾನ್ ಹಾಕ್ಕಂಡ್ ಮಲಗ್ತೀರ ಕಣವ್ವ, ಬರ್ದೆ ಇನ್ನೇನ್ ಬಂದದು?" ಅಂದರು ಮೇಲ್ಮನೆಯ ಓನರಮ್ಮ. ಅಮ್ಮ ಏನೂ ಮಾತಾಡಲಿಲ್ಲ. ಅವತ್ತಿಂದ ಸೆಕೆಗೆ ಬಾಗಿಲು ತೆಗೆದಿಟ್ಟು ಮಲಗಿದೆವು. ಮುಂದಿನ ತಿಂಗಳೂ ಬಿಲ್ಲು ಅಷ್ಟೇ ಬಂತು!

ಈ ಜಗಳದ ಬೇರು ಎಲ್ಲಿದೆ ಅಂತ ಹುಡುಕಿದರೆ ನಮ್ಮ ಜಿಲ್ಲೆಗೇ ಬಂದು ನಿಲ್ಲುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಗಣಿಯ ಜೊತೆ ಇದ್ದದ್ದು ಅಶ್ವಶಕ್ತಿಗೆ ಇಷ್ಟು ದುಡ್ಡು ಅನ್ನೋ ಕರಾರು. ಮಾರೋದು ಸರ್ಕಾರ, ಕೊಳ್ಳೋದು ಗಣಿ ಕಂಪನಿ. ನಡುವೆ ಮನೆ ಓನರು ಅನ್ನೋ ಪಾತ್ರವೇ ಇರಲಿಲ್ಲ!

ಕರೆಂಟು ಮನೆಗಳ ಒಳಗೆ ಬಂದಾಗ ಆ ಪಾತ್ರ ಹುಟ್ಟಿತು. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ನೋಡಿದ್ದೀರಲ್ಲ? ರೆವಿನ್ಯೂ ರಿಜಿಸ್ಟರ್ ನಂಬರು ಅಂತ ಅದರ ಅರ್ಥ. ಆ ನಂಬರು ಅಂಟಿಕೊಂಡಿರೋದು ಗೋಡೆಗೆ, ಮನುಷ್ಯನಿಗಲ್ಲ. ಬಾಡಿಗೆದಾರ ಬರ್ತಾನೆ, ಹೋಗ್ತಾನೆ, ಖಾತೆ ಮಾತ್ರ ಓನರ್ ಹೆಸರಲ್ಲೇ ಇರುತ್ತೆ. 1957ರಲ್ಲಿ ಬಂದ ವಿದ್ಯುತ್ ಮಂಡಳಿಯಿಂದ ಹಿಡಿದು, 1999ರ ಕೆಪಿಟಿಸಿಎಲ್, 2005ರಲ್ಲಿ ನಮ್ಮ ಭಾಗಕ್ಕೆ ಬಂದ ಸೆಸ್ಕ್‌ವರೆಗೆ ಬೋರ್ಡಿನ ಹೆಸರು ಬದಲಾಯ್ತು. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಅದು ಇನ್ನೂ ಕೆಇಬಿಯೇ, ಗೋಡೆಯ ಲೆಕ್ಕವೂ ಹಾಗೇ ಉಳಿಯಿತು.

ಕಾನೂನು ಇರಲಿಲ್ಲವೇ? ಇತ್ತು. ಮೀಟರ್ ತಪ್ಪಿದೆ ಅಂದರೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ತೀರ್ಮಾನಿಸಬೇಕು, ಹಿಂದಿನ ಆರು ತಿಂಗಳಿಗಿಂತ ಹೆಚ್ಚಿನ ಲೆಕ್ಕ ತಿದ್ದುವಂತಿಲ್ಲ ಅಂತ 1910ರ ವಿದ್ಯುತ್ ಕಾಯ್ದೆಯೇ ಹೇಳಿತ್ತು. ಬಾಕಿಗಾಗಿ ಫ್ಯೂಸ್ ಕೀಳಲು ಆಗ ಏಳು ದಿನದ ನೋಟಿಸ್ ಸಾಕಿತ್ತು, 2003ರ ಕಾಯ್ದೆ ಅದನ್ನು ಹದಿನೈದು ದಿನ ಮಾಡಿತು. ತಕರಾರಿದ್ದರೆ ಪ್ರತಿಭಟಿಸಿಯೇ ಹಣ ಕಟ್ಟಿ ಕರೆಂಟು ಉಳಿಸಿಕೊಳ್ಳಬಹುದು ಅಂತಲೂ ಸೇರಿಸಿತು. ಆದರೆ ಇದೆಲ್ಲ ಬೋರ್ಡು ಮತ್ತು ಖಾತೆದಾರರ ನಡುವಿನ ಮಾತು. ಮೆಟ್ಟಿಲ ಕೆಳಗೆ ನಿಂತಿದ್ದ ನಮ್ಮಮ್ಮ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಬಾಡಿಗೆದಾರನ ಕರೆಂಟು, ನೀರು ಓನರು ಸುಮ್ಮಸುಮ್ಮನೆ ಕಡಿಯಬಾರದು ಅಂತ ಬಾಡಿಗೆ ಕಾನೂನು ಹೇಳುತ್ತದೆ, ನಿಜ. ಆದರೆ 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಹೊರಗಿಟ್ಟಿತು. ಆ ಮಿತಿಯೊಳಗೆ ಮಂಡ್ಯದಲ್ಲಿ ಮನೆ ಸಿಕ್ಕರೆ ನನಗೂ ಹೇಳಿ!

ಓನರ ಭಯವೂ ಸುಳ್ಳಲ್ಲ. ಬಾಕಿ ಇಟ್ಟು ರಾತ್ರೋರಾತ್ರಿ ಮನೆ ಖಾಲಿ ಮಾಡಿದವರೂ ಇದ್ದಾರೆ. ಹಳೇ ಬಾಕಿ ಯಾರ ತಲೆಗೆ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕೆ.ಸಿ. ನಿನಾನ್ ಪ್ರಕರಣದಲ್ಲಿ 2023ರ ಮೇ 19ರಂದು ಕೋರ್ಟು ಹೇಳಿದ್ದು: ಕಾನೂನಿನಲ್ಲಿ ಹಾಗೆಂದು ಇಲ್ಲದಿದ್ದರೆ ಬಾಕಿ ತಾನಾಗಿ ಆಸ್ತಿಗೆ ಅಂಟುವುದಿಲ್ಲ, ಆದರೆ ನಿಯಮ ಇದ್ದರೆ ಹಳೇ ಬಾಕಿ ಕಟ್ಟಿಸಿಕೊಂಡೇ ಹೊಸ ಸಂಪರ್ಕ ಕೊಡಬಹುದು. ಸುತ್ತಿ ಬಳಸಿ ಮತ್ತೆ ಗೋಡೆಗೇ!

ಅದೇ 2023 ಈ ಜಗಳಕ್ಕೆ ತುಪ್ಪ ಸುರಿದ ವರ್ಷ. ಮೇನಲ್ಲಿ ಬಂದ ದರ ಏರಿಕೆ ಏಪ್ರಿಲ್‌ನಿಂದಲೇ ಅನ್ವಯವಾಗಿ ಜೂನ್ ಬಿಲ್ಲು ಎಲ್ಲರಿಗೂ ಶಾಕ್ ಕೊಟ್ಟಿತು. ಆಗ ನೂರು ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಪೂರ್ತಿ ಯೂನಿಟ್‌ಗೂ 7 ರೂಪಾಯಿ ಇತ್ತು. ಮದ್ದೂರಿನಲ್ಲಿ ನನ್ನ ಗೆಳೆಯನಿರುವ ಮನೆಯಲ್ಲಿ ಎರಡು ಪೋರ್ಶನ್‌ಗೆ ಒಂದೇ ಮೀಟರು. ತಲಾ 60 ಯೂನಿಟ್ ಬಳಸಿದರೆ, ಬೇರೆ ಮೀಟರ್ ಇದ್ದಿದ್ದರೆ ಒಬ್ಬೊಬ್ಬರಿಗೆ 285 ರೂಪಾಯಿ. ಒಂದೇ ಮೀಟರಿನಲ್ಲಿ 120 ಆಗಿ ತಲಾ 420! ಯಾರೂ ಕದ್ದಿಲ್ಲ, ಆದರೂ ಇಬ್ಬರಿಗೂ ಪಕ್ಕದವನ ಮೇಲೇ ಅನುಮಾನ. ಆಮೇಲೆ ಬಂದ ಗೃಹಜ್ಯೋತಿಯೂ ಒಂದು ಆರ್‌ಆರ್ ನಂಬರನ್ನು ಒಂದು ಮನೆ ಅಂತಲೇ ಎಣಿಸಿತು. ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು.

ಸರಿ, ನಮ್ಮ ಮನೆಯ ಕಥೆಗೆ ಬರ್ತೀನಿ. ಒಂದು ಭಾನುವಾರ ಅಪ್ಪ ಮೇನ್ ಸ್ವಿಚ್ ಆಫ್ ಮಾಡಿ "ತಟ್ಟೆ ನಿಂತಿದ್ಯಾ ನೋಡ್ಲಾ" ಅಂದರು. ನಿಂತಿರಲಿಲ್ಲ, ಜೋರಾಗಿ ತಿರುಗುತ್ತಿತ್ತು! ಹಿಂದುಗಡೆ ಓನರ ನೀರಿನ ಮೋಟರು ಓಡುತ್ತಿತ್ತು. ಅದರ ವೈರು ನಮ್ಮ ಮೀಟರ್ ಮತ್ತು ಮೇನ್ ಸ್ವಿಚ್ ನಡುವಿಂದ ಹೋಗಿತ್ತು. ಒಂದು ಎಚ್‌ಪಿ ಅಂದರೆ 746 ವ್ಯಾಟ್, ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ ಸುಮಾರು 90 ಯೂನಿಟ್. ಈ ಲೆಕ್ಕ ನಾನು ಹಾಕಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ.

ಓನರು "ಯಾವ ಕಾಲದ್ದೋ ವೈರಿಂಗು, ನಮ್ಗೂ ಗೊತ್ತಿರ್ನಿಲ್ಲ" ಅಂದರು. ಇರಬಹುದು. ದುಡ್ಡು ವಾಪಸ್ ಬರಲಿಲ್ಲ, ಎರಡು ತಿಂಗಳಲ್ಲಿ ನಾವು ಮನೆ ಬದಲಾಯಿಸಿದೆವು. ಅಮ್ಮ ಮಾತ್ರ ಇವತ್ತಿಗೂ ರೂಮಿನಿಂದ ಹೊರಗೆ ಬರೋ ಮುಂಚೆ ಎರಡು ಸಲ ತಿರುಗಿ ಫ್ಯಾನ್ ನೋಡುತ್ತಾರೆ. ಈಗ ಇರೋದು ನಮ್ಮದೇ ಸ್ವಂತ ಮನೆ.

ಬಾಡಿಗೆ ಮನೆಗೆ ಹೋಗುವ ಗೆಳೆಯರೇ, ಅಡ್ವಾನ್ಸ್ ಕೊಡುವ ಮುಂಚೆ ಮೇನ್ ಸ್ವಿಚ್ ಒಮ್ಮೆ ಆಫ್ ಮಾಡಿ, ಮೋಟರ್ ಹಾಕಿಸಿ ಮೀಟರ್ ನೋಡಿ. ಹೊಸ ಮೀಟರಿನಲ್ಲಿ ತಟ್ಟೆ ಇರಲ್ಲ, ಕೆಂಪು ದೀಪ ಮಿನುಗುತ್ತೆ. ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿ. ನಿಮ್ಮ ಮನೇಲೂ ಇಂಥದ್ದು ಆಗಿದ್ದರೆ ಬರೀರಿ, ಓದ್ತೀನಿ.