ಹರಿಯದ ಕೊಬ್ಬರಿ, ಹಿಡಿಯದ ಕಾಲು: ಹಾವೇರಿ ಸೀಮೆಯ ಕಬಡ್ಡಿ ಮಾತಿನಲ್ಲಿ ಹೊಸ ರಕ್ಷಕನ ಬೆಲೆ

ಕಾಲೇಜು ಕಬಡ್ಡಿಯಲ್ಲಿ ಹೆಸರು ಮಾಡಿದ ಹುಡುಗನನ್ನು ವೃತ್ತಿಪರ ತಂಡವೊಂದು ಸೇರಿಸಿಕೊಂಡಿತೆಂಬ ಸುದ್ದಿ ಬಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಆಟದ ಮಂದಿ ಮೊದಲು ಕೇಳುವುದು, ‘ಅಲ್ಲಿ ನಿಲ್ತಾನೇನು?’ ಎಂದು. ಹುಡುಗ ದಾಳಿಗಾರನಾಗಿದ್ದರೆ ಉತ್ತರಕ್ಕೆ ತಡವಿಲ್ಲ. ಅವನು ಹೋದ, ಮುಟ್ಟಿದ, ಬಂದ. ಅಂಕ ಎಲ್ಲರ ಕಣ್ಣೆದುರಿಗಿದೆ. ಹಿಡಿಯುವವನಾಗಿದ್ದರೆ ಮಾತು ತೊಡಕಾಗುತ್ತದೆ. ‘ಕಾಲು ಸಿಕ್ಕರ ಬಿಡಂಗಿಲ್ಲ’ ಎಂದು ಒಬ್ಬರು ಹೊಗಳುತ್ತಾರೆ, ‘ಅವಸರ ಭಾಳ ಐತಿ’ ಎಂದು ಪಕ್ಕದವರು ತಡೆಯುತ್ತಾರೆ. ಈ ಎರಡು ಮಾತುಗಳ ನಡುವಿನ ಜಗಳವನ್ನು ಹರಟೆಯೆಂದು ಬದಿಗಿಡುವುದು ತಪ್ಪು. ರಕ್ಷಕನೊಬ್ಬನ ಭವಿಷ್ಯವನ್ನು ಅಳೆಯುವುದರಲ್ಲಿ ಅಂಕಿಅಂಶದ ಪಟ್ಟಿಗಳಿಗೆ ಸಿಗದ ಒಂದು ಸಂಗತಿ ಈ ಎರಡನೆಯ ಮಾತಿನಲ್ಲಿದೆ. ಆ ಅಳತೆ ಈ ಸೀಮೆಗೆ ಕಬಡ್ಡಿಗಿಂತ ಬೇರೊಂದು ಆಟದಿಂದ ಬಹಳ ಹಿಂದೆಯೇ ಪರಿಚಿತವಾಗಿದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 2014ರ ಜುಲೈ 26ರಂದು ಎಂಟು ತಂಡಗಳೊಂದಿಗೆ ಶುರುವಾದ ಪ್ರೊ ಕಬಡ್ಡಿ ಲೀಗ್ 2017ರಲ್ಲಿ ಹನ್ನೆರಡು ತಂಡಗಳ ಲೀಗ್ ಆಯಿತು. ಹಳ್ಳಿಯ ಹುಡುಗನಿಗೆ ಅಲ್ಲಿಗೆ ಹೋಗಲು ಎರಡು ದಾರಿ: ಒಂದು ಹರಾಜು, ಇನ್ನೊಂದು ತಂಡಗಳು ತಾವೇ ಹುಡುಕಿ ಸೇರಿಸಿಕೊಳ್ಳುವ ‘ಹೊಸ ಯುವ ಆಟಗಾರ’ ವರ್ಗ. 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಅಲ್ಲಿ ಮೊದಲೆರಡು ಸ್ಥಾನ ಪಡೆದ ಕಬಡ್ಡಿ ತಂಡಗಳ 24 ಆಟಗಾರರನ್ನು ಅದೇ ವರ್ಷದ ಆಗಸ್ಟ್‌ನ ಲೀಗ್ ಹರಾಜಿನ ಪಟ್ಟಿಗೆ ಸೇರಿಸಿದಾಗ ಕಾಲೇಜು ಅಂಕಣದಿಂದ ಲೀಗಿಗೆ ನೇರ ಬಾಗಿಲೊಂದು ತೆರೆಯಿತು. 2023ರಲ್ಲಿ ಹಾವೇರಿಯದೇ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದ ಮೇಲೆ ಈ ಬಾಗಿಲಿನ ಮಾತು ಜಿಲ್ಲೆಯ ಕಾಲೇಜು ಹುಡುಗರಿಗೆ ಇನ್ನಷ್ಟು ಹತ್ತಿರದ್ದಾಗಿದೆ.

ಹಿಡಿಯುವವರಿಗೆ ಹಣ ಕೊಡಲು ಲೀಗ್ ಕಲಿತದ್ದು ನಿಧಾನವಾಗಿ. 2018ರ ಹರಾಜಿನಲ್ಲಿ ಇರಾನಿನ ಎಡ ಮೂಲೆಯ ಆಟಗಾರ ಫಜಲ್ ಅತ್ರಾಚಲಿ ಒಂದು ಕೋಟಿ ರೂಪಾಯಿ ಮುಟ್ಟಿದ ಮೊದಲ ಆಟಗಾರನಾದರು. ಅದೇ ಹರಾಜಿನಲ್ಲಿ ದಾಳಿಗಾರ ಮೋನು ಗೋಯತ್ 1.51 ಕೋಟಿಗೆ ಹೋಗಿ ಅವರನ್ನು ದಾಟಿದರು. ಆ ವರ್ಷದ ಆವೃತ್ತಿಯಲ್ಲಿ ಯುಪಿ ಯೋಧಾದ ನಿತೇಶ್ ಕುಮಾರ್ ನೂರು ಟ್ಯಾಕಲ್ ಅಂಕ ಗಳಿಸಿ, ಒಂದೇ ಆವೃತ್ತಿಯಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲಿಗರಾದರು. ಹತ್ತನೇ ಆವೃತ್ತಿಯ ಹರಾಜಿನಲ್ಲಿ ಪುಣೇರಿ ಪಲ್ಟನ್ ಇನ್ನೊಬ್ಬ ಇರಾನಿ ಆಟಗಾರ ಮೊಹಮ್ಮದ್ ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು. ಅವರು 99 ಟ್ಯಾಕಲ್ ಅಂಕ ತಂದುಕೊಟ್ಟರು, ತಂಡ 2024ರ ಮಾರ್ಚ್ 1ರಂದು ಚಾಂಪಿಯನ್ ಆಯಿತು. ಆಗ ಆ ತಂಡದ ತರಬೇತುದಾರರಾಗಿದ್ದವರು ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್. ಇವೆಲ್ಲ ನಿಜ, ಹೆಮ್ಮೆಯ ಸಂಗತಿಗಳೂ ಹೌದು. ಆದರೆ ಈ ಅಂಕಿಗಳಿಂದಲೇ ಒಂದು ತಪ್ಪು ಕಲ್ಪನೆಯೂ ಬೆಳೆಯಿತು: ರಕ್ಷಕನೆಂದರೆ ಅವನ ಟ್ಯಾಕಲ್ ಅಂಕ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಅಂಕಣದಲ್ಲಿ ಏಳು ಜನ ಇರುವಾಗ ಹಿಡಿದರೆ ಒಂದು ಅಂಕ. ತಪ್ಪಿದರೆ ಕಡಿಮೆಯೆಂದರೂ ಒಂದು ಅಂಕ ಹೋಗುತ್ತದೆ. ಜೊತೆಗೆ ಕೈಹಾಕಿದವರೆಲ್ಲ ಹೊರಗೆ. ದಾಳಿಗಾರ ಮೊದಲೇ ಬೋನಸ್ ಗೆರೆ ತುಳಿದಿದ್ದರೆ ಇನ್ನೂ ಒಂದು. ಹತ್ತು ಸಲ ನುಗ್ಗಿ ಐದು ಸಲ ಹಿಡಿದ ಹುಡುಗನ ಹೆಸರಿನ ಮುಂದೆ ಪಟ್ಟಿಯಲ್ಲಿ ಐದು ಅಂಕ ಕೂರುತ್ತದೆ, ತಂಡಕ್ಕೆ ಉಳಿದದ್ದು ಹೆಚ್ಚೆಂದರೆ ಸೊನ್ನೆ. ನಾಲ್ಕೇ ಸಲ ಕೈಹಾಕಿ ಮೂರು ಸಲ ಹಿಡಿದವನ ಹೆಸರಿನ ಮುಂದೆ ಮೂರೇ ಅಂಕ, ಆದರೆ ತಂಡಕ್ಕೆ ಎರಡು ಅಂಕದ ಲಾಭ ಬರಬಹುದು. ಪಟ್ಟಿಯಲ್ಲಿ ಮೊದಲಿನವನೇ ಮೇಲೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಲೆಕ್ಕ ತಿರುಗುತ್ತದೆ. ಆಗ ಸೂಪರ್ ಟ್ಯಾಕಲ್‌ಗೆ ಎರಡು ಅಂಕ. ಮೂರರಲ್ಲಿ ಒಂದು ಸಲ ಹಿಡಿದರೂ ನಷ್ಟ ಸರಿದೂಗುತ್ತದೆ. ಹಾಗಾದರೆ ಒಂದೇ ಹುಡುಗನ ಒಂದೇ ಧೈರ್ಯ ಏಳು ಜನರಿದ್ದಾಗ ದುಡುಕು, ಮೂವರಿದ್ದಾಗ ಬುದ್ಧಿವಂತಿಕೆ. ಹಿಡಿತದ ಒಟ್ಟು ಸಂಖ್ಯೆ ಈ ಎರಡನ್ನೂ ಒಂದೇ ರಾಶಿಗೆ ಸುರಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕಾಯುವ ಕೆಲಸ. ಸತತ ಎರಡು ದಾಳಿ ಬರಿಗೈಯಲ್ಲಿ ಮರಳಿದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ನಮ್ಮ ಹುಡುಗರ ಬಾಯಲ್ಲಿ ಥರ್ಡ್ ರೈಡ್. ಆ ಮೂವತ್ತು ಸೆಕೆಂಡಿನಲ್ಲಿ ಏನೂ ಆಗದಿದ್ದರೆ ದಾಳಿಗಾರ ಔಟ್, ಹಿಡಿಯುವ ತಂಡಕ್ಕೆ ಅಂಕ. ಅಂದರೆ ಆ ದಾಳಿಯಲ್ಲಿ ಕೈಕಟ್ಟಿ ನಿಲ್ಲುವುದಕ್ಕೂ ಒಂದು ಅಂಕದ ಬೆಲೆಯಿದೆ. ಅದಕ್ಕೂ ಮುಂಚಿನ ಎರಡು ಬರಿ ದಾಳಿಗಳನ್ನು ದುಡಿದವರು ಯಾರು? ಮೂಲೆಯಲ್ಲಿ ಹೆಜ್ಜೆ ಕೆಡಿಸಿಕೊಳ್ಳದೆ ನಿಂತವನು, ಕವರ್‌ನಲ್ಲಿ ಅರ್ಧ ಹೆಜ್ಜೆ ಮುಂದಿಟ್ಟು ದಾಳಿಗಾರನನ್ನು ಹಿಂದಕ್ಕೆ ಸರಿಸಿದವನು. ಅವರ ಹೆಸರಿಗೆ ಒಂದು ಗೀಟೂ ಬೀಳುವುದಿಲ್ಲ. ‘ಅವಸರ ಭಾಳ ಐತಿ’ ಎನ್ನುವ ಹಿರಿಯರು ನೋಡುತ್ತಿರುವುದು ಈ ಬರಿಜಾಗವನ್ನೇ.

ಆಗದೆ ಉಳಿದದ್ದನ್ನು ಎಣಿಸುವ ಈ ಕಣ್ಣು ಅವರಿಗೆ ಎಲ್ಲಿಂದ ಬಂತು? ನನ್ನ ಉತ್ತರ, ಹೋರಿ ಹಬ್ಬದಿಂದ. ದೀಪಾವಳಿಯ ಬಲಿಪಾಡ್ಯಮಿಯಿಂದ ಶುರುವಾಗಿ ತಿಂಗಳುಗಟ್ಟಲೆ ಈ ತಾಲ್ಲೂಕುಗಳಲ್ಲಿ ಊರೂರು ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊರಳಿಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು, ಮೈಮೇಲೆ ಜೂಲು ತೊಟ್ಟ ಹೋರಿ ಎರಡು ಸಾಲು ಜನರ ನಡುವೆ ಓಡಿಬರುತ್ತದೆ. ಕೊಬ್ಬರಿ ಹರಿದ ಯುವಕನಿಗೆ ಹೆಸರಿದೆ. ಆದರೆ ಕೊಬ್ಬರಿ ಹರಿಗೊಡದೆ ಅಖಾಡ ದಾಟಿದ ಹೋರಿಗೆ ಅದಕ್ಕಿಂತ ದೊಡ್ಡ ಹೆಸರು; ಅದಕ್ಕೆ ಅಭಿಮಾನಿ ಬಳಗ, ಅಂಗಿಯ ಮೇಲೆ ಅದರ ಚಿತ್ರ. ಹೊಸದಾಗಿ ಕೊಂಡು ತಂದ ಹೋರಿಯ ಬಗ್ಗೆ ನಡೆಯುವ ಮಾತನ್ನು ಕಿವಿಗೊಟ್ಟು ಕೇಳಬೇಕು. ಎಷ್ಟು ಜೋರು ಓಡುತ್ತದೆ ಎಂಬುದರ ಬೆನ್ನಿಗೇ ಯಾವ ಅಖಾಡದಲ್ಲಿ ಕೊಬ್ಬರಿ ಕೊಡದೆ ಬಂದಿದೆ, ಅಲ್ಲಿ ಹರಿಯುವ ಹುಡುಗರು ಎಂಥವರು, ದಾರಿ ಎಷ್ಟು ಅಗಲ ಎಂಬ ಪ್ರಶ್ನೆಗಳು ಬರುತ್ತವೆ. ಮೇಲ್ನೋಟಕ್ಕೆ ಹೋರಿಯದು ದಾಳಿಗಾರನ ಪಾತ್ರ, ಜನರ ನಡುವೆ ನುಗ್ಗುವುದು ಅದೇ ತಾನೆ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಅದು ಮೂಲೆಯ ರಕ್ಷಕನ ಸಾಲಿನದು. ಅದರ ಕೀರ್ತಿ ನಿಂತಿರುವುದು ಕಳೆದುಕೊಳ್ಳದೆ ಉಳಿಸಿಕೊಂಡದ್ದರ ಮೇಲೆ. ಎದುರಾಳಿಯ ಗುಣವನ್ನೂ ಜಾಗದ ಗುಣವನ್ನೂ ಕೂಡಿಸಿ, ಕಳೆದು ಬೆಲೆಕಟ್ಟುವ ಈ ಪದ್ಧತಿ ಅಕ್ಷರಕ್ಕೆ ಬಾರದ, ಆದರೆ ಗಟ್ಟಿಯಾದ ವಿಮರ್ಶೆ.

ಅದೇ ಪದ್ಧತಿಯನ್ನು ಕಾಲೇಜು ರಕ್ಷಕನಿಗೆ ಹಚ್ಚಿದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಬರುತ್ತವೆ. ಅವನು ಹಿಡಿದದ್ದು ಯಾರನ್ನು? ಅಂತರಕಾಲೇಜು ಪಂದ್ಯದಲ್ಲಿ ಒಂದು ತಂಡದ ದಾಳಿ ಒಬ್ಬಿಬ್ಬರ ಮೇಲೆ ನಿಂತಿರುವುದೇ ಹೆಚ್ಚು. ಅವರ ಹೆಜ್ಜೆ ಅರ್ಥವಾದರೆ ಆಟ ಕೈಗೆ ಬಂದಂತೆ. ಲೀಗಿನಲ್ಲಿ ಮೊದಲ ದಾಳಿಗಾರನ ಹಿಂದೆ ಎರಡನೆಯವನು, ಮೂರನೆಯವನು ಬೇರೆ ಬೇರೆ ನಡೆಯವರು ಇರುತ್ತಾರೆ, ಜೊತೆಗೆ ಹುಡುಗನ ದೌರ್ಬಲ್ಯವನ್ನು ವಿಡಿಯೋದಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಆಡಿದ್ದು ಎಲ್ಲಿ? ಜಾತ್ರೆ, ಗಣೇಶ ಹಬ್ಬಗಳ ಹೊನಲು ಬೆಳಕಿನ ಪಂದ್ಯಗಳಲ್ಲಿ ಬರಿಗಾಲು ಮಣ್ಣಿನಲ್ಲಿ ಜಾರುತ್ತದೆ, ತಿರುಗುವಾಗ ದಾಳಿಗಾರ ಒಂದು ಕ್ಷಣ ತಡವಾಗುತ್ತಾನೆ. ಆ ಕ್ಷಣದಲ್ಲೇ ಹಿಮ್ಮಡಿ ಕೈಗೆ ಸಿಗುತ್ತದೆ. ಮ್ಯಾಟಿನ ಮೇಲೆ ಬೂಟು ಕಚ್ಚಿ ನಿಲ್ಲುವುದರಿಂದ ಆ ಕ್ಷಣ ಮಾಯವಾಗುತ್ತದೆ. ಜಿಲ್ಲೆಯೊಳಗಿನ ಪಂದ್ಯಗಳಲ್ಲಿ ತೂಕದ ಮಿತಿ ಇರುವುದೂ ಉಂಟು. ಹಗುರ ದಾಳಿಗಾರರನ್ನೇ ತಬ್ಬಿ ಎತ್ತಿ ಅಭ್ಯಾಸವಾದ ತೋಳು ಎಂಬತ್ತು ಕಿಲೋ ಆಳಿನ ಮುಂದೆ ಹೊಸ ಪಾಠ ಕಲಿಯಬೇಕು.

ಇನ್ನೊಂದು ಅಡ್ಡಿಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ದಾಳಿ ಒಬ್ಬನ ಕೆಲಸ, ಹಿಡಿತ ಏಳು ಜನರದು. ಮೂಲೆಯವನು ಹಿಮ್ಮಡಿಗೆ ಬಾಗಿದ ಕ್ಷಣವೇ ಕವರ್ ಬಂದು ಮೈ ಮುಚ್ಚದಿದ್ದರೆ ಹಿಡಿತ ಬಿಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಕಾಲೇಜಿನಲ್ಲಿ ಕೈಕೈ ಹಿಡಿದು ಆಡಿದ ಜೋಡಿ ಕಣ್ಸನ್ನೆಯಲ್ಲೇ ಮಾತಾಡುತ್ತದೆ. ಲೀಗಿನ ಶಿಬಿರಗಳಲ್ಲಿ ಹರಿಯಾಣದ ಆಟಗಾರರದೇ ದೊಡ್ಡ ಪಾಲು. ಅಂಕಣದ ಕೂಗು ಬಹುಮಟ್ಟಿಗೆ ಹಿಂದಿಯಲ್ಲಿ. ಬ್ಯಾಡಗಿಯ ಹುಡುಗ ಅಲ್ಲಿ ಮೊದಲ ವರ್ಷ ಬೆಂಚಿನ ಮೇಲೆ ಕೂತರೆ ಅವನ ತೋಳಿನಲ್ಲಿ ಬಲವಿಲ್ಲವೆಂದು ಊರು ತೀರ್ಮಾನಿಸಬಾರದು. ಅವನು ಹೊಸ ಜೋಡಿಯನ್ನೂ ಹೊಸ ಕೂಗನ್ನೂ ಕಲಿಯುತ್ತಿರುತ್ತಾನೆ. ಬಲ ಮೂಲೆಯ ಸೌರಭ್ ನಂದಲ್ 2019ರಲ್ಲಿ ಹೊಸ ಯುವ ಆಟಗಾರನಾಗಿ ಬೆಂಗಳೂರು ಬುಲ್ಸ್ ಸೇರಿ ಹತ್ತನೇ ಆವೃತ್ತಿಯ ಹೊತ್ತಿಗೆ ಅದರ ನಾಯಕನಾದರು. ಆ ವರ್ಷಗಳಲ್ಲಿ ತಂಡ ಅವರನ್ನು ಬಿಡದೆ ಇಟ್ಟುಕೊಂಡದ್ದೂ ಆ ಬೆಳವಣಿಗೆಯ ಭಾಗವೇ.

ರಕ್ಷಕನನ್ನು ಅವನು ‘ಮಾಡಿದ್ದರಿಂದ’ ಮಾತ್ರ ಅಳೆಯುವ ರೋಗ ಕಬಡ್ಡಿಯದು ಮಾತ್ರವಲ್ಲ. 2024ರ ಅಕ್ಟೋಬರ್‌ನಲ್ಲಿ ನಡೆದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಅತಿ ಹೆಚ್ಚು, 78 ಲಕ್ಷ ರೂಪಾಯಿ ಪಡೆದವರು ರಕ್ಷಣೆಯ ಹರ್ಮನ್‌ಪ್ರೀತ್ ಸಿಂಗ್. ಆದರೆ ಆ ಬೆಲೆಯ ದೊಡ್ಡ ಪಾಲು ಅವರ ಪೆನಾಲ್ಟಿ ಕಾರ್ನರ್ ಗೋಲುಗಳಿಗೆ ಸಂದದ್ದು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಅವರನ್ನೂ ಜನ ನೆನೆಯುವುದು ಡ್ರ್ಯಾಗ್ ಫ್ಲಿಕ್‌ಗಾಗಿ, ತಡೆದ ಚೆಂಡುಗಳಿಗಾಗಿ ಅಲ್ಲ. ಐಸ್ ಹಾಕಿಯಲ್ಲಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ ವೃತ್ತಿಪರ ಲೀಗಿನ 1989ರ ಆಟಗಾರರ ಆಯ್ಕೆಯಲ್ಲಿ 53ನೆಯವರಾಗಿ ಉಳಿದಿದ್ದರು. ಆಮೇಲೆ ಶ್ರೇಷ್ಠ ರಕ್ಷಕನ ಪ್ರಶಸ್ತಿಯನ್ನು ಏಳು ಸಲ ಗೆದ್ದರು. ಮೈಮೇಲೆ ಬಿದ್ದು ಕೆಡವುವುದಕ್ಕಿಂತ ಸರಿಯಾದ ಜಾಗದಲ್ಲಿ ನಿಲ್ಲುವುದು ಅವರ ಆಟದ ಸತ್ವವಾಗಿತ್ತು. ಅಂಥದ್ದನ್ನು ಗುರುತಿಸಲು ಆಯ್ಕೆದಾರರಿಗೂ ಕಾಲ ಬೇಕಾಗುತ್ತದೆ.

ಹಾವೇರಿ ಸೀಮೆಯ ಅಭಿಮಾನಿಗಳ ಎಲ್ಲ ತೀರ್ಪುಗಳೂ ಸರಿ ಎಂದು ನಾನು ಹೇಳುತ್ತಿಲ್ಲ. ಊರಿನ ಹುಡುಗನೆಂಬ ಮೋಹ ಅವರ ಮಾತನ್ನು ಹಿಗ್ಗಿಸುತ್ತದೆ. ಒಂದು ರಾತ್ರಿಯ ಫೈನಲ್‌ನಲ್ಲಿ ಮಿಂಚಿದ ಎರಡು ಹಿಡಿತ ವರ್ಷವಿಡೀ ಬಾಯಲ್ಲಿ ಉಳಿಯುತ್ತವೆ, ಸೋತ ಪಂದ್ಯಗಳು ಮರೆತುಹೋಗುತ್ತವೆ. ನೆನಪು ಕೈಕೊಡುವ ಕಡೆ ಬರಹ ಬೇಕು. ನಮ್ಮ ಸ್ಥಳೀಯ ಪಂದ್ಯಗಳ ಅಂಕಪಟ್ಟಿಯಲ್ಲಿ ತಂಡದ ಅಂಕ ಓಡುತ್ತದೆ, ಯಾರು ಹಿಡಿದರೆಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಯಾರು ಹಿಡಿಯಹೋಗಿ ತಪ್ಪಿದರೆಂಬುದಂತೂ ಇಲ್ಲವೇ ಇಲ್ಲ. ಅಂತರಕಾಲೇಜು ಕೂಟಗಳಲ್ಲಾದರೂ ಪ್ರತಿ ರಕ್ಷಕನಿಗೆ ನಾಲ್ಕು ಕಾಲಂಗಳನ್ನು ಗೀಚಿದರೆ ಸಾಕು: ಕೈಹಾಕಿದ್ದು ಎಷ್ಟು ಸಲ, ಹಿಡಿದದ್ದು ಎಷ್ಟು, ಆಗ ಅಂಕಣದಲ್ಲಿ ಎಷ್ಟು ಜನರಿದ್ದರು, ಅವನು ನಿಂತ ಹೊತ್ತಿನಲ್ಲಿ ಎಷ್ಟು ದಾಳಿ ಬರಿಗೈಯಲ್ಲಿ ಮರಳಿದವು. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಆಟ ಬಲ್ಲ ಒಬ್ಬ ವಿದ್ಯಾರ್ಥಿ. ಎರಡು ಮೂರು ವರ್ಷ ಇದು ನಡೆದರೆ ‘ಕಾಲು ಸಿಕ್ಕರ ಬಿಡಂಗಿಲ್ಲ’ ಎನ್ನುವವರ ಮತ್ತು ‘ಅವಸರ ಭಾಳ ಐತಿ’ ಎನ್ನುವವರ ವಾದವನ್ನು ಅದೇ ಹುಡುಗನ ಮುಂದಿನ ಆಟದ ಜೊತೆಗಿಟ್ಟು ಪರೀಕ್ಷಿಸಬಹುದು.