ಕುತ್ತಿಗೆ, ಕಂಕುಳು, ಪರೇಲ್: ದುಗ್ಧಗ್ರಂಥಿ ತೆಗೆದ ಮೇಲಿನ ಚೇತರಿಕೆ

ಕ್ಯಾನ್ಸರ್ ತಾನು ಹುಟ್ಟಿದ ಜಾಗ ಬಿಟ್ಟು ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವುದು ಹತ್ತಿರದ ದುಗ್ಧಗ್ರಂಥಿಗಳನ್ನು. ಬಾಯಿಯ ಕ್ಯಾನ್ಸರ್ ಕುತ್ತಿಗೆಗೆ ಇಳಿಯುತ್ತದೆ, ಸ್ತನದ್ದು ಕಂಕುಳಿಗೆ, ಶಿಶ್ನದ್ದು ತೊಡೆಸಂದಿಗೆ. ಆ ಗ್ರಂಥಿಗಳನ್ನು ಬುಡಸಮೇತ ತೆಗೆಯುವ ಪದ್ಧತಿಗೆ ತಳಪಾಯ ಹಾಕಿದವರು ಅಮೆರಿಕದ ಇಬ್ಬರು ಶಸ್ತ್ರವೈದ್ಯರು. ಸ್ತನದ ಜೊತೆ ಎದೆಯ ಸ್ನಾಯುವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಕ್ರಮವನ್ನು ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ವಿವರಿಸಿದರು. ಕುತ್ತಿಗೆಗೆ ಅಂಥದೇ ಕ್ರಮವನ್ನು 1906ರಲ್ಲಿ ಮುಂದಿಟ್ಟವರು ಜಾರ್ಜ್ ಕ್ರೈಲ್. ಜೀವ ಉಳಿಯುವುದೇ ದೊಡ್ಡದಾಗಿದ್ದ ಆ ಕಾಲದಲ್ಲಿ, ಆಮೇಲೆ ತೋಳು ಮೇಲೇಳುತ್ತದೆಯೇ ಎಂದು ಕೇಳುವವರು ಕಡಿಮೆ.

ಮುಂಬಯಿಯಲ್ಲಿ ಈ ವಿದ್ಯೆ ಬೆಳೆದದ್ದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1941ರ ಫೆಬ್ರವರಿಯಲ್ಲಿ ತೆರೆದ ಈ ಆಸ್ಪತ್ರೆ 1962ರಲ್ಲಿ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. ಅದರ ಮುಂದಿನ ರಸ್ತೆಗೆ ಅಲ್ಲಿನ ಹಿರಿಯ ಶಸ್ತ್ರವೈದ್ಯ ಡಾ. ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ತಂಬಾಕು, ಸುಣ್ಣ ಅರೆದು ಕೆನ್ನೆಯೊಳಗೆ ಇಟ್ಟುಕೊಳ್ಳುವ ರೂಢಿಯಿಂದ ಇಲ್ಲಿಗೆ ಬಾಯಿಯ ಕ್ಯಾನ್ಸರ್ ರೋಗಿಗಳೇ ಸಾಲುಗಟ್ಟಿ ಬಂದರು. ಕೆನ್ನೆಯ ಒಳಪದರದ ಕ್ಯಾನ್ಸರಿನ 650 ರೋಗಿಗಳ ಅಧ್ಯಯನವನ್ನು ಇಲ್ಲಿನ ಡಾ. ಜೆ. ಸಿ. ಪೇಮಾಸ್ಟರ್ 1956ರಲ್ಲೇ ಪ್ರಕಟಿಸಿದ್ದರು. ಹೀಗಾಗಿ ಪಶ್ಚಿಮದಲ್ಲಿ ಗ್ರಂಥಿ ಶಸ್ತ್ರಚಿಕಿತ್ಸೆಯ ಚರ್ಚೆ ಹೆಚ್ಚಾಗಿ ಕಂಕುಳಿನ ಸುತ್ತ ನಡೆದರೆ, ಪರೇಲಿನಲ್ಲಿ ಕುತ್ತಿಗೆಯ ಪ್ರಶ್ನೆಯೂ ಅಷ್ಟೇ ಭಾರವಾಯಿತು.

ಕ್ರೈಲ್ ಕ್ರಮದಲ್ಲಿ ಗ್ರಂಥಿಗಳ ಜೊತೆಗೆ ಕುತ್ತಿಗೆಯ ಪಕ್ಕದ ದೊಡ್ಡ ಸ್ನಾಯು, ಒಳಗಿನ ಕಂಠಾಭಿಧಮನಿ ಮತ್ತು ಹೆಗಲಿಗೆ ಹೋಗುವ ಹನ್ನೊಂದನೆಯ ಕಪಾಲ ನರ ಮೂರೂ ಹೋಗುತ್ತಿದ್ದವು. ಆ ನರ ಹೋದರೆ ಹೆಗಲನ್ನು ಎತ್ತಿಹಿಡಿಯುವ ಟ್ರೆಪೀಜಿಯಸ್ ಸ್ನಾಯು ಸೊರಗುತ್ತದೆ. ಹೆಗಲು ಇಳಿಬೀಳುತ್ತದೆ, ತೋಳು ಭುಜದ ಮಟ್ಟದಿಂದ ಮೇಲೆ ಏಳುವುದಿಲ್ಲ, ಹಗಲಿಡೀ ಎಳೆತದ ನೋವು. ಈ ಲಕ್ಷಣಗಳ ಗುಂಪಿಗೆ 1961ರಲ್ಲಿ ವೈದ್ಯಕೀಯ ಹೆಸರೇ ಬಂತು. ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು ಕೆಲಸಕ್ಕೆ ಹೋಗಬೇಕಾದವನಿಗೆ ಇದು ಸಣ್ಣ ತೊಂದರೆಯಲ್ಲ. ಎಡಗಡೆಯ ಕುತ್ತಿಗೆಯಲ್ಲಿ ಇನ್ನೊಂದು ಅಪಾಯವಿದೆ: ಅಲ್ಲಿನ ಮುಖ್ಯ ದುಗ್ಧನಾಳಕ್ಕೆ ಗಾಯವಾದರೆ ಡ್ರೇನ್ ನಳಿಕೆಯಲ್ಲಿ ಹಾಲಿನಂಥ ದ್ರವ ಸುರಿಯತೊಡಗುತ್ತದೆ, ಕೊಬ್ಬಿಲ್ಲದ ಪಥ್ಯ ಬೇಕಾಗುತ್ತದೆ. ಕಿವಿಯ ಕೆಳಭಾಗದ ಜೋಮು, ತುಟಿಯ ಒಂದು ಮೂಲೆ ಇಳಿಯುವುದು ಹೆಚ್ಚು ಸಾಮಾನ್ಯ.

ಅರ್ಜೆಂಟೀನಾದ ಒಸ್ವಾಲ್ಡೊ ಸುವಾರೆಸ್ 1963ರಲ್ಲಿ ಆ ಸ್ನಾಯು, ಅಭಿಧಮನಿ, ನರ ಮೂರನ್ನೂ ಉಳಿಸಿ ಗ್ರಂಥಿಗಳನ್ನಷ್ಟೇ ಬಿಡಿಸಬಹುದೆಂದು ತೋರಿಸಿದ ಮೇಲೆ ಹೆಗಲಿನ ಗತಿ ಸುಧಾರಿಸಿತು. ಆದರೆ ನರ ಉಳಿಸಿದರೂ ಬಿಡಿಸುವಾಗಿನ ಎಳೆತಕ್ಕೆ ಅದು ತಿಂಗಳುಗಟ್ಟಲೆ ಮಂಕಾಗಬಹುದು. ಹೆಗಲಿನ ವ್ಯಾಯಾಮ ಇಲ್ಲಿ ಅಲಂಕಾರವಲ್ಲ. ಕ್ರಮೇಣ ಭಾರ ಹೆಚ್ಚಿಸುವ ವ್ಯಾಯಾಮ ಮಾಮೂಲಿ ಫಿಸಿಯೋಥೆರಪಿಗಿಂತ ನೋವನ್ನೂ ಅಸಾಮರ್ಥ್ಯವನ್ನೂ ಕಡಿಮೆ ಮಾಡುತ್ತದೆಂದು 2008ರ ಕೆನಡಾದ ಪ್ರಯೋಗವೊಂದು ತೋರಿಸಿತು.

ಗ್ರಂಥಿ ಊದಿಕೊಳ್ಳದಿದ್ದರೂ ಕುತ್ತಿಗೆ ಬಿಡಿಸಿ ಗ್ರಂಥಿಗಳನ್ನು ತೆಗೆಯಬೇಕೇ, ಊದಿದ ಮೇಲೆ ಸಾಕೇ? ಪರೇಲಿನಲ್ಲಿ ಇದನ್ನು ಮೊದಲು 70 ನಾಲಿಗೆ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಸಂಖ್ಯೆ ಚಿಕ್ಕದು, ಉತ್ತರ ಖಚಿತವಾಗಲಿಲ್ಲ. 2004ರಿಂದ 2014ರವರೆಗೆ ಡಾ. ಅನಿಲ್ ಡಿಕ್ರೂಜ್ ತಂಡ 596 ರೋಗಿಗಳನ್ನು ಸೇರಿಸಿಕೊಂಡಿತು. 2015ರಲ್ಲಿ ಪ್ರಕಟವಾದ 500 ಜನರ ಫಲಿತಾಂಶದ ಪ್ರಕಾರ, ಮೊದಲೇ ಕುತ್ತಿಗೆ ಬಿಡಿಸಿಕೊಂಡವರಲ್ಲಿ 3 ವರ್ಷ ಬದುಕಿದವರು ಶೇ 80, ಕಾದವರಲ್ಲಿ ಶೇ 67.5. ತೊಡಕುಗಳು ಶೇ 6.6 ಮತ್ತು ಶೇ 3.6. ಜಗತ್ತಿನ ಚಿಕಿತ್ಸಾಕ್ರಮವನ್ನೇ ತಿದ್ದಿದ ಅಧ್ಯಯನವಿದು. ಆದರೆ ಮೊದಲೇ ಬಿಡಿಸಿದವರಲ್ಲಿ ಸುಮಾರು ಶೇ 70ರಷ್ಟು ಜನರ ಗ್ರಂಥಿಗಳಲ್ಲಿ ರೋಗವೇ ಇರಲಿಲ್ಲ. ಅವರೂ ಹೆಗಲಿನ ನೋವಿನ ಅಪಾಯವನ್ನು ಹಂಚಿಕೊಳ್ಳಬೇಕಾಯಿತು.

ಕಂಕುಳಿನ ಇತಿಹಾಸ ನಡೆದದ್ದು ತದ್ವಿರುದ್ಧ ದಿಕ್ಕಿಗೆ. 1990ರ ದಶಕದಲ್ಲಿ, ಬಣ್ಣ ಅಥವಾ ವಿಕಿರಣದ ಗುರುತಿನಿಂದ ಮೊದಲ ಗ್ರಂಥಿಯನ್ನು ಹುಡುಕಿ ಪರೀಕ್ಷಿಸುವ ಸೆಂಟಿನೆಲ್ ವಿಧಾನ ಬಂತು. ಅದಕ್ಕೆ ಬೇಕಾದ ಗಾಮಾ ಪ್ರೋಬ್, ವಿಕಿರಣ ವಸ್ತು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಟಾಟಾ ಆಸ್ಪತ್ರೆಯ ಡಾ. ವಾಣಿ ಪರ್ಮಾರ್ ಮತ್ತು ಸಂಗಡಿಗರು ಕಂಕುಳಿನ ಕೆಳಭಾಗದ ಕೊಬ್ಬು, ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನವನ್ನು ಸೆಂಟಿನೆಲ್ ಜೊತೆ ಹೋಲಿಸಿ, ಎರಡರ ನಿಖರತೆ ಸರಿಸಮವೆಂದು 2013ರಲ್ಲಿ ವರದಿ ಮಾಡಿದರು. ಸಾಧನವಿಲ್ಲದ ತಾಲ್ಲೂಕು ಕೇಂದ್ರದ ಶಸ್ತ್ರವೈದ್ಯರಿಗೆ ಇದೇ ಹೆಚ್ಚು ಉಪಯೋಗದ ವಿದ್ಯೆ.

ಕಡಿಮೆ ತೆಗೆಯುವುದರ ಲಾಭ ಕೈಯಲ್ಲೇ ಕಾಣುತ್ತದೆ. ದುಗ್ಧರಸ ಹರಿಯುವ ದಾರಿ ಮುಚ್ಚಿ ತೋಳು ಊದುವ ಲಿಂಫೆಡಿಮಾ, ಕಂಕುಳನ್ನು ಪೂರ್ತಿ ಬಿಡಿಸಿದವರಲ್ಲಿ ಸುಮಾರು ಶೇ 20, ಸೆಂಟಿನೆಲ್ ಮಾತ್ರ ಆದವರಲ್ಲಿ ಶೇ 6ರ ಆಸುಪಾಸು ಎಂದು 2013ರ ಒಟ್ಟು ವಿಶ್ಲೇಷಣೆಯೊಂದು ಹೇಳುತ್ತದೆ. ಅದು ವಾರಗಳಲ್ಲೂ ಬರಬಹುದು, ವರ್ಷಗಳ ಮೇಲೂ. ತೋಳಿನ ಒಳಬದಿಯ ಜೋಮು, ಕಂಕುಳಿನಿಂದ ಮೊಣಕೈವರೆಗೆ ದಾರದಂತೆ ಬಿಗಿಯುವ ನೋವು ಬೇರೆ. ಡ್ರೇನ್ ತೆಗೆದ ಮೇಲೆ ಒಳಗೆ ನೀರು ಕೂಡಿದರೆ ಸೂಜಿಯಿಂದ ಎಳೆಯಬೇಕಾಗುತ್ತದೆ. ತೊಡೆಸಂದಿನ ಗ್ರಂಥಿಗಳನ್ನು ತೆಗೆದವರಲ್ಲಂತೂ ಗಾಯವೇ ಬಿರಿಯುವುದು ಹೆಚ್ಚು.

ಕಂಕುಳು ಬಿಡಿಸಿದ ಬದಿಯ ಕೈಯಲ್ಲಿ ರಕ್ತ ತೆಗೆಸಬಾರದು, ಬಿ.ಪಿ. ನೋಡಿಸಬಾರದು, ಭಾರ ಎತ್ತಲೇಬಾರದು ಎಂಬ ಹಳೆಯ ನಿಷೇಧಗಳು ಸಡಿಲಾಗಿವೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಧಾನವಾಗಿ ಭಾರ ಎತ್ತುವುದರಿಂದ ಊತ ಹೆಚ್ಚಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ ರಕ್ತ ಪರೀಕ್ಷೆ, ವಿಮಾನಯಾನಗಳಿಗೂ ಊತಕ್ಕೂ ನಂಟು ಕಾಣಲಿಲ್ಲ. ಕಂಡದ್ದು ದೇಹತೂಕಕ್ಕೂ ಚರ್ಮದ ಸೋಂಕಿಗೂ. ಮುಂಬಯಿಯ ಸೆಕೆಯಲ್ಲಿ ಊತ ತಗ್ಗಿಸುವ ಬಿಗಿ ತೋಳುಚೀಲವನ್ನು ದಿನವಿಡೀ ಧರಿಸುವುದು ಕಠಿಣ, ಮಳೆಗಾಲದಲ್ಲಿ ಬೆರಳ ಸಂದಿಯ ಫಂಗಸ್ ಸೋಂಕಿಗೆ ಬಾಗಿಲು ತೆರೆಯುತ್ತದೆ. ತೊಳೆದು ಒರೆಸಿ ಒಣಗಿಸುವ ಸರಳ ಕೆಲಸವೇ ಇಲ್ಲಿ ಅರ್ಧ ಚಿಕಿತ್ಸೆ.

ಈ ಮಾತನ್ನು ಆನೆಕಾಲು ರೋಗದಿಂದ ಕಲಿತವರು ಕಾಸರಗೋಡಿನ ಡಾ. ಎಸ್. ಆರ್. ನರಹರಿ. ಅವರ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಚರ್ಮದ ಶುಚಿ, ಆಯುರ್ವೇದ ಲೇಪ, ಯೋಗ ಮತ್ತು ಬಿಗಿ ಬ್ಯಾಂಡೇಜುಗಳನ್ನು ಜೋಡಿಸಿತು. ಫಲಿತಾಂಶದ ಹೆಚ್ಚಿನ ಪುರಾವೆ ಆನೆಕಾಲು ರೋಗದ್ದು. ಬ್ಯಾಂಡೇಜು, ಶುಚಿತ್ವಗಳಂತೂ ಕ್ಯಾನ್ಸರ್ ನಂತರದ ಊತಕ್ಕೂ ಅಷ್ಟೇ ಸಲ್ಲುತ್ತವೆ.

ಕುತ್ತಿಗೆಯ ಕಥೆಯೂ ಈಗ ಕಂಕುಳಿನ ದಾರಿ ಹಿಡಿದಿದೆ. ಆರಂಭಿಕ ಬಾಯಿ ಕ್ಯಾನ್ಸರಿನಲ್ಲಿ ಸೆಂಟಿನೆಲ್ ಪರೀಕ್ಷೆ ಬದುಕುಳಿಯುವಿಕೆಯಲ್ಲಿ ಪೂರ್ವಭಾವಿ ಕುತ್ತಿಗೆ ಶಸ್ತ್ರಚಿಕಿತ್ಸೆಗಿಂತ ಹಿಂದಿಲ್ಲವೆಂದು ಫ್ರಾನ್ಸ್ (2020), ಜಪಾನ್ (2021) ಪ್ರಯೋಗಗಳು ತೋರಿಸಿವೆ, ಮೊದಲ ತಿಂಗಳುಗಳಲ್ಲಿ ಹೆಗಲಿನ ಶಕ್ತಿಯೂ ಹೆಚ್ಚು ಉಳಿಯುತ್ತದೆ. ಗಾಮಾ ಪ್ರೋಬ್, ನುರಿತ ರೋಗಶಾಸ್ತ್ರಜ್ಞರು, ತಪ್ಪದೆ ಮರುಭೇಟಿಗೆ ಬರುವ ರೋಗಿ ಈ ಮೂರೂ ಇರುವ ಕಡೆ ಮಾತ್ರ ಅದು ನಡೆಯುತ್ತದೆ. ದೂರದ ಊರಿನಿಂದ ಬಂದು ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಲ್ಲಿ ಉಳಿದು ಚಿಕಿತ್ಸೆ ಪಡೆವವರಿಗೆ ಈ ಕೊನೆಯ ಶರತ್ತೇ ಕಷ್ಟ. ಅಂಥವರಿಗೆ ಪೂರ್ವಭಾವಿ ಕುತ್ತಿಗೆ ಶಸ್ತ್ರಚಿಕಿತ್ಸೆ ಮತ್ತು ಊರಿಗೆ ಹೊರಡುವ ಮೊದಲೇ ಕಲಿಸಿದ ಹೆಗಲಿನ ವ್ಯಾಯಾಮವೇ ಸದ್ಯಕ್ಕೆ ಹೆಚ್ಚು ಭದ್ರ.